ನಾಳೆಯಿಂದ ಮಧ್ಯಾಹ್ನ 12ಕ್ಕೆ

ಎಲ್ಲರಿಗೂ ನಮಸ್ಕಾರ. ನಾಳೆಯಿಂದ ಒಂದು ವಾರ, ಮಧ್ಯಾಹ್ನ 12ಕ್ಕೆ ಎಲ್ಲಿದ್ದೀರೋ ಅಲ್ಲೇ ತ್ರಿಕಾಲ ಪ್ರಾರ್ಥನೆ (ಯೇಸುವಿನ ತಾಯಿ ಮರಿಯಮ್ಮನಿಗೆ ದೇವದೂತ ತಂದ ಸಂದೇಶವನ್ನು ನೆನೆಯುವ ಪ್ರಾರ್ಥನೆ) ಹೇಳೋಣ. ಮೂರು ವಚನ, ಮೂರು ನಮೋ ಮರಿಯಾ, ಕೊನೆಗೊಂದು ಬಿನ್ನಹ. ಎರಡು ನಿಮಿಷ ಸಾಕು.

ಸುಮ್ನೆ ಗಡಿಬಿಡಿಯಲ್ಲಿ ಒದರುವುದು ಬೇಡ (ನಾನೂ ಹಾಗೆ ಮಾಡುವವನೇ). ‘ನಿನ್ನ ಮಾತಿನಂತೆ ನನಗಾಗಲಿ’ ಎಂಬ ಸಾಲು ಬರುತ್ತದಲ್ವಾ? ಲೂಕನ ಶುಭಸಂದೇಶದ 1ನೇ ಅಧ್ಯಾಯದಲ್ಲಿ ಮರಿಯಮ್ಮ ದೇವದೂತನಿಗೆ ಹೇಳಿದ ಮಾತು ಅದು. ಮೊನ್ನೆ ಮೂರು ಗಂಟೆ ಕೂತು ಮಾಡಿದ ಲೆಕ್ಕದ ಫೈಲು ಅಳಿಸಿಹೋಗಿ ಸಿಟ್ಟು ನೆತ್ತಿಗೇರಿತ್ತು. ಅಷ್ಟರಲ್ಲಿ ಈ ಪ್ರಾರ್ಥನೆಗೆಂದು ಇಟ್ಟಿದ್ದ ಮೊಬೈಲಿನ ಅಲಾರಂ ಹೊಡೆಯಿತು. ಆ ಸಾಲಿಗೆ ಬಂದಾಗ ಬಾಯೇ ಹೊರಳಲಿಲ್ಲ. ಇಷ್ಟು ವರ್ಷ ಬಾಯಿಪಾಠವಿದ್ದ ಮಾತು! ಅದು ಎಷ್ಟು ಕಷ್ಟದ ಮಾತೆಂದು ಅವತ್ತೇ ಗೊತ್ತಾಗಿದ್ದು.

ಪ್ರಾರ್ಥನೆಯ ಚಿತ್ರ, ಫಾರ್ವರ್ಡ್ ಇಲ್ಲಿ ಹಾಕಬೇಡಿ, ಈಗಲೇ ಜಾಸ್ತಿಯಾಗಿವೆ. ಅಲಾರಂ ಇಟ್ಟುಕೊಳ್ಳಿ.