ಬರ್ಗೆನ್‌ಗೆ ಹೊರಟ ಮಗಳಿಗೊಂದು ಪತ್ರ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದ.

ನೀನು ಕಳಿಸಿದ ಪಟ್ಟಿ ನೋಡಿದೆ. ಜೀನ್ಸ್ ಎರಡು, ಕಾಟನ್ ಟಾಪ್ ಆರು, ಸ್ಪೋರ್ಟ್ಸ್ ಶೂ, ಹಂಸತುಪ್ಪಳದ ದಪ್ಪ ಜರ್ಕಿನ್, ಮಡಚುವ ಕೊಡೆ. ಇಷ್ಟರಲ್ಲಿ ನಾರ್ವೆಯ ಬರ್ಗೆನ್‌ನ ನವೆಂಬರ್‌ಗೆ ಆಗಿಬರುವುದು ಒಂದೂ ಇಲ್ಲ ಮಾರಾಯ್ತಿ.

‘ತೀರ್ಥಹಳ್ಳಿ ಮಳೆ ಕಂಡವಳಿಗೆ ನಾರ್ವೆ ಮಳೆ ಯಾವ ಲೆಕ್ಕ’ ಅಂತ ಬರೆದಿದ್ದೀಯ. ಬರೀ ಲೆಕ್ಕ ನೋಡಿದರೆ ನಿನ್ನ ಮಾತು ಸರಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತೆ, ಬರ್ಗೆನ್‌ನಲ್ಲಿ ಬೀಳೋದು ಸುಮಾರು 2500 ಮಿ.ಮೀ. ಮಳೆ ಬರುವ ಬಗೆಯೂ ನಮ್ಮದೇ: ಕಡಲಿನ ತೇವದ ಗಾಳಿ ಬೆಟ್ಟಕ್ಕೆ ಬಡಿದು, ಮೇಲೇರಿ, ತಣಿದು ಸುರಿಯುತ್ತೆ. ನಮಗೆ ಪಶ್ಚಿಮ ಘಟ್ಟ, ಅವರಿಗೆ ಊರನ್ನೇ ಸುತ್ತುಗಟ್ಟಿದ ಏಳು ಬೆಟ್ಟ. ಆದರೆ ನಮ್ಮ ಮಳೆ ನಾಲ್ಕು ತಿಂಗಳು ಹುಯ್ದು ಮುಗಿಸುತ್ತೆ, ಅಲ್ಲಿಯದು ವರ್ಷದಲ್ಲಿ 200ಕ್ಕೂ ಹೆಚ್ಚು ದಿನಕ್ಕೆ ಹಂಚಿಕೊಂಡು ಜಿನುಗುತ್ತೆ. 2006ರ ಅಕ್ಟೋಬರ್ 29ಕ್ಕೆ ಹಿಡಿದ ಮಳೆ ಒಂದು ದಿನವೂ ಬಿಡದೆ 85 ದಿನ ಬಂದಿತ್ತು. ನೀನು ಹೋಗುತ್ತಿರುವುದೂ ಅದೇ ಹೊತ್ತಿಗೆ. ಇನ್ನೊಂದು ವ್ಯತ್ಯಾಸ ದೊಡ್ಡದು. ಜುಲೈಯಲ್ಲಿ ಇಲ್ಲಿ ನೆಂದರೆ ಮೈ ಒರೆಸಿ ಕಾಫಿ ಕುಡಿದರೆ ಮುಗೀತು. ಅಲ್ಲಿ ಅಕ್ಟೋಬರ್ ಕೊನೆಗೆ 6ರಿಂದ 11 ಡಿಗ್ರಿ, ನವೆಂಬರ್‌ನಲ್ಲಿ 3ರಿಂದ 7, ಜೊತೆಗೆ ಅಡ್ಡ ಗಾಳಿ. ಅಟ್ಲಾಂಟಿಕ್‌ನ ಬಿಸಿನೀರಿನ ಪ್ರವಾಹ ಹತ್ತಿರ ಹಾಯುವುದರಿಂದ ಅಷ್ಟು ಉತ್ತರದಲ್ಲಿದ್ದರೂ ಮೈನಸ್ ಇಪ್ಪತ್ತರ ಚಳಿ ಅಲ್ಲಿಲ್ಲ. ನೀನು ಆ ಚಳಿಗೆ ಅಂತ ಬಟ್ಟೆ ಕಟ್ಟಿದ್ದೀಯ. ನಿನ್ನನ್ನು ನಡುಗಿಸೋದು ಒದ್ದೆ.

ಒದ್ದೆ ಬಟ್ಟೆ ಯಾಕೆ ಅಷ್ಟು ಕೆಟ್ಟದ್ದು ಅಂದರೆ, ಬಟ್ಟೆ ಬೆಚ್ಚಗಿಡೋದು ಅದರ ಎಳೆಗಳ ನಡುವಿನ ಗಾಳಿಯಿಂದ. ಆ ಜಾಗಕ್ಕೆ ನೀರು ಬಂದು ಕೂತರೆ, ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆದುಕೊಳ್ಳುತ್ತೆ. ಕಾಟನ್ ನೀರು ಕುಡಿದು ಚರ್ಮಕ್ಕೆ ಅಂಟಿಕೊಂಡು ಬಿಡುತ್ತೆ. ಜೀನ್ಸ್ ಇನ್ನೂ ಕಷ್ಟ, ಒಮ್ಮೆ ನೆಂದರೆ ಆ ಹವೆಯಲ್ಲಿ ಮಾರನೇ ದಿನಕ್ಕೂ ಒಣಗದು. ಹಂಸತುಪ್ಪಳ ನೆಂದರೆ ಮುದ್ದೆಯಾಗುತ್ತೆ. ಉಣ್ಣೆಯೊಂದೇ ಬೇರೆ ಥರ: ತನ್ನ ತೂಕದ ಮೂವತ್ತು ಪರ್ಸೆಂಟ್‌ನಷ್ಟು ತೇವವನ್ನು ಎಳೆಯ ಒಳಗೇ ಇಟ್ಟುಕೊಂಡು, ಮೈಗೆ ಒದ್ದೆ ಅನ್ನಿಸದ ಹಾಗೆ ನೋಡಿಕೊಳ್ಳುತ್ತೆ. ನಾಟಿ ಹೊತ್ತಿನಲ್ಲಿ ಗದ್ದೆಗೆ ಇಳಿಯುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರಲ್ಲ, ನೆನೆದು ಭಾರವಾದರೂ ಒಳಗೆ ಬೆಚ್ಚಗೇ ಇರುತ್ತಿತ್ತು. ನಾರ್ವೆಯವರು ಅದೇ ಉಣ್ಣೆಯನ್ನು ತೆಳ್ಳಗೆ ನೇಯ್ದು ಒಳಗೆ ಹಾಕುತ್ತಾರೆ, ಅಷ್ಟೇ.

ಹಾಗಾಗಿ ಮೈಗೆ ತಾಗುವ ಬಟ್ಟೆ ಮೆರಿನೊ ಕುರಿಯ ನಯವಾದ ಉಣ್ಣೆಯದಿರಲಿ. ಉದ್ದ ತೋಳಿನ ಮೇಲಂಗಿ ಎರಡು, ಉದ್ದ ಕಾಲಿನ ಒಳಪ್ಯಾಂಟ್ ಎರಡು. ಲೇಬಲ್ ಮೇಲೆ 150ರಿಂದ 200 ಗ್ರಾಂ ಅಂತ ಇರುತ್ತೆ, ಅದು ಒಂದು ಚದರ ಮೀಟರ್ ಬಟ್ಟೆಯ ತೂಕ. ಅದಕ್ಕಿಂತ ದಪ್ಪದ್ದು ಬೇಡ, ಬಸ್ಸು ಅಂಗಡಿ ಒಳಗೆ ಬೆವರುತ್ತೀಯ. ಎರಡೇ ಸಾಕಾ ಅಂತ ಕೇಳಬೇಡ. ಉಣ್ಣೆ ಬೇಗ ವಾಸನೆ ಹಿಡಿಯಲ್ಲ, ರಾತ್ರಿ ಹ್ಯಾಂಗರ್‌ಗೆ ಹಾಕಿದರೆ ಬೆಳಿಗ್ಗೆಗೆ ಸರಿಹೋಗುತ್ತೆ. ಬ್ರಾ, ಚಡ್ಡಿ ಕೂಡ ಕಾಟನ್ ಬೇಡ. ಒಳಗೇ ಒದ್ದೆ ಬಟ್ಟೆ ಕೂತರೆ ಮೇಲಿನ ಉಣ್ಣೆ ಇದ್ದೂ ದಂಡ. ನಡುವಿನ ಪದರಕ್ಕೆ ಒಂದು ಫ್ಲೀಸ್ (ಜುಂಗುಜುಂಗಾದ ಸಿಂಥೆಟಿಕ್ ಬಟ್ಟೆಯ ಜಾಕೆಟ್) ಮತ್ತು ಅಜ್ಜಿ ಹೆಣೆದ ಸ್ವೆಟರ್. ಅದು ಅಪ್ಪಟ ಉಣ್ಣೆಯದು, ಧೈರ್ಯವಾಗಿ ತಗೊಂಡು ಹೋಗು. ಕಾಲಿಗೆ ಬೇಗ ಒಣಗುವ ಟ್ರೆಕ್ಕಿಂಗ್ ಪ್ಯಾಂಟ್ ಎರಡು. ಕಾಟನ್ ಸಲ್ವಾರ್ ಒಂದು ಜೊತೆ ಇಟ್ಟುಕೊ, ರೂಮಿನೊಳಗೆ ಹಾಕಲಿಕ್ಕೆ.

ಇನ್ನು ಮೇಲಿನ ಮಳೆ ಜಾಕೆಟ್. ನಿನ್ನ ದುಡ್ಡೆಲ್ಲ ಹೋಗಬೇಕಾದ್ದು ಇಲ್ಲಿ. ನಿನ್ನ ಸ್ಕೂಟರ್ ರೈನ್‌ಕೋಟ್ ಹೊರಗಿನ ನೀರನ್ನು ತಡೆಯುತ್ತೆ ನಿಜ, ಒಳಗಿನ ಬೆವರನ್ನೂ ತಡೆಯುತ್ತೆ. ಬರ್ಗೆನ್ ಏರು-ಇಳಿಜಾರಿನ ಊರು, ಹತ್ತು ನಿಮಿಷ ಮೆಟ್ಟಿಲು ಹತ್ತುವಷ್ಟರಲ್ಲಿ ಒಳಗಿಂದಲೇ ನೆಂದಿರುತ್ತೀಯ. ತೋಳಿಲ್ಲದೆ ಹೊದ್ದುಕೊಳ್ಳುವ ಪೊಂಚೊ ಗಾಳಿಗೆ ತಲೆ ಮೇಲೆ ಹಾರುತ್ತೆ. ಬೇಕಾದ್ದು ಬೆವರಿನ ಆವಿ ಹೊರಹೋಗುವ ಜಾಕೆಟ್. ವಾಟರ್‌ಪ್ರೂಫ್ ಅಳತೆ (ಬಟ್ಟೆ ಸೋರದೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತೆ ಅನ್ನೋದು) ಕನಿಷ್ಠ 10,000 ಮಿ.ಮೀ. ಇರಲಿ. ಅಂಗಡಿಯಲ್ಲಿ ಒಳಮಗ್ಗುಲು ತಿರುಗಿಸಿ ನೋಡು: ಹೊಲಿಗೆ ಸಾಲಿನುದ್ದಕ್ಕೂ ಟೇಪ್ ಅಂಟಿಸಿರಬೇಕು. ಭುಜದ ಹೊಲಿಗೆಗೆ ಟೇಪ್ ಇಲ್ಲದಿದ್ದರೆ ಬ್ಯಾಗಿನ ಪಟ್ಟಿ ಒತ್ತುವ ಜಾಗದಲ್ಲೇ ನೀರು ಇಳಿಯುತ್ತೆ. ತಲೆಯ ಹುಡ್‌ಗೆ ಮುಂದೆ ಚುಂಚು ಇರಬೇಕು (ನಿನ್ನ ಕನ್ನಡಕಕ್ಕೆ), ಹಿಂದೆ ಬಿಗಿಯುವ ದಾರವೂ ಇರಬೇಕು. ಹಾಕಿಕೊಂಡು ಕತ್ತು ತಿರುಗಿಸಿ ನೋಡು. ಹುಡ್ ಮುಖದ ಜೊತೆ ತಿರುಗದೆ ಅಲ್ಲೇ ನಿಂತರೆ ರಸ್ತೆ ದಾಟುವಾಗ ಒಂದು ಪಕ್ಕ ಕಾಣಲ್ಲ. ಒಳಗೆ ಸ್ವೆಟರ್ ಹಿಡಿಯಬೇಕಲ್ಲ, ಒಂದು ಸೈಜ್ ದೊಡ್ಡದೇ ತಗೊ.

ಕೆಲವು ವಾರ ಕಳೆದ ಮೇಲೆ ಜಾಕೆಟ್ ಸೋರುತ್ತಿದೆ ಅನ್ನಿಸಬಹುದು. ಬಹುಪಾಲು ಅದು ಸೋರಿಕೆಯಲ್ಲ. ಹೊರಮೈಯಲ್ಲಿ ನೀರನ್ನು ಹನಿಯಾಗಿ ಜಾರಿಸುವ ಲೇಪ ಕೊಳೆಯಿಂದ, ಸೋಪಿನ ಜಿಡ್ಡಿನಿಂದ ಕೆಡುತ್ತೆ. ಆಗ ಹೊರಬಟ್ಟೆ ನೀರು ಕುಡಿದು ಕಪ್ಪಾಗುತ್ತೆ, ಆವಿಗೆ ದಾರಿ ಮುಚ್ಚುತ್ತೆ, ನಿನ್ನ ಬೆವರೇ ನಿನ್ನನ್ನು ನೆನೆಸುತ್ತೆ. ಫ್ಯಾಬ್ರಿಕ್ ಸಾಫ್ಟ್‌ನರ್ ತಾಗಿಸಲೇಬೇಡ. ಚೆನ್ನಾಗಿ ಜಾಲಿಸಿ, ಲೇಬಲ್ ಅನುಮತಿ ಕೊಟ್ಟಿದ್ದರೆ ಡ್ರೈಯರ್‌ನಲ್ಲಿ ಕಡಿಮೆ ಶಾಖಕ್ಕೆ ಇಪ್ಪತ್ತು ನಿಮಿಷ ತಿರುಗಿಸು, ಹನಿಗಳು ಮತ್ತೆ ಜಾರುತ್ತವೆ.

ಮಳೆ ಪ್ಯಾಂಟ್ ತಗೊಳ್ಳೋಕೆ ಸಂಕೋಚ ಪಡಬೇಡ, ಅಲ್ಲಿ ಆಫೀಸಿಗೆ ಹೋಗುವವರೂ ಹಾಕುತ್ತಾರೆ. ಕಾಲಿನ ಪಕ್ಕ ಉದ್ದ ಜಿಪ್ ಇದ್ದರೆ ಶೂ ಬಿಚ್ಚದೆ ಏರಿಸಬಹುದು. ಪ್ಯಾಂಟಿನ ಅಂಚು ಶೂವಿನ ಹೊರಗೆ ಇರಲಿ. ಒಳಗೆ ತುರುಕಿದರೆ ತೊಡೆ ಮೇಲೆ ಬಿದ್ದ ನೀರೆಲ್ಲ ನೇರ ಶೂವಿಗೇ. ಕೈಗವಸಿನದೂ ಹಾಗೆಯೇ, ಜಾಕೆಟ್ ತೋಳು ಗವಸಿನ ಮೇಲೆ ಬರಬೇಕು.

ಕೊಡೆ ಇಲ್ಲೇ ಬಿಟ್ಟು ಹೋಗು. ಸೆಕೆಂಡಿಗೆ 10 ಮೀಟರ್ ಗಾಳಿ, ಅಂದರೆ ಗಂಟೆಗೆ 36 ಕಿ.ಮೀ., ಅಲ್ಲಿ ಸುದ್ದಿಯೇ ಅಲ್ಲ. ಆ ಗಾಳಿಗೆ ಕೊಡೆ ಉಲ್ಟಾ ಹೊಡೆಯುತ್ತೆ, 5 ಡಿಗ್ರಿ ಹವೆ ಮುಖಕ್ಕೆ ಸೊನ್ನೆಯಷ್ಟು ಕೊರೆಯುತ್ತೆ.

ಶೂ ಹಿಮ್ಮಡಿ ಗಂಟು ಮುಚ್ಚುವಷ್ಟು ಎತ್ತರದ್ದು, ವಾಟರ್‌ಪ್ರೂಫ್, ಅಡಿಗೆ ಆಳದ ಹಲ್ಲಿರುವಂಥದ್ದು. ಬ್ರಿಗ್ಗನ್‌ನ ಹಳೇ ಮರದ ಮನೆಗಳ ನಡುವಿನ ಹಲಗೆ ದಾರಿ, ಸುತ್ತಲಿನ ಕಲ್ಲುಹಾಸು ಎರಡೂ ಒದ್ದೆಯಾದರೆ ಪಾಚಿಗಟ್ಟಿದ ಕೆರೆ ಮೆಟ್ಟಿಲಿದ್ದ ಹಾಗೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ದಪ್ಪ ಉಣ್ಣೆ ಸಾಕ್ಸ್ ಹಾಕಿಕೊಂಡೇ ಅಳತೆ ನೋಡು. ಬಿಗಿಯಾದರೆ ಬೆರಳಿಗೆ ರಕ್ತ ಓಡಲ್ಲ, ಸಾಕ್ಸ್ ಎಷ್ಟು ದಪ್ಪವಿದ್ದರೂ ತಣ್ಣಗೇ. ಸಾಕ್ಸ್ ನಾಲ್ಕು ಜೊತೆ, ತೂತಿಲ್ಲದ್ದು! ಮನೆಯೊಳಗೆ ಎಲ್ಲರೂ ಶೂ ಬಿಚ್ಚಿಯೇ ಹೋಗೋದು. ನೆಂದ ಶೂ ಒಳಗೆ ಹಳೇ ಪೇಪರ್ ಉಂಡೆ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸು. ಹೀಟರ್‌ಗೆ ಒತ್ತಿ ಇಟ್ಟರೆ ಚರ್ಮ ಬಿರಿಯುತ್ತೆ, ಅಂಟು ಬಿಡುತ್ತೆ. ಬೇಗ ಒಣಗಲಿಲ್ಲ ಅಂತ ಗೊಣಗಬೇಡ, ಅದಕ್ಕೇ ಶೂ ಎರಡು ಜೊತೆ ಬೇಕು ಅನ್ನೋದು.

ಬೆನ್ನಿನ ಬ್ಯಾಗ್‌ಗೆ ಹೊರಗಿಂದ ಹಾಕುವ ಕವರ್ ಗಾಳಿಗೆ ಕಿತ್ತುಹೋಗುತ್ತೆ. ಲ್ಯಾಪ್‌ಟಾಪನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡು.

ಕತ್ತಲೆ ವಿಷಯ. ನೀನು ಇಳಿಯುವಾಗ ಸಂಜೆ ಆರರವರೆಗೆ ಬೆಳಕಿರುತ್ತೆ. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತೆ. ನಮಗೂ ನಿಮಗೂ ಇರುವ ಮೂರೂವರೆ ಗಂಟೆ ಅಂತರ ಅವತ್ತಿಂದ ನಾಲ್ಕೂವರೆ. ಒಂದೇ ದಿನದಲ್ಲಿ ಸೂರ್ಯಾಸ್ತ ಐದು ಗಂಟೆಗೆ ಬಂದು ಕೂರುತ್ತೆ, ನವೆಂಬರ್ ಕೊನೆಗೆ 3:40ಕ್ಕೇ. ಅದಕ್ಕೆ ಅಲ್ಲಿನವರು ಜಾಕೆಟ್‌ಗೆ ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆ ಕಟ್ಟಿಕೊಳ್ಳುತ್ತಾರೆ, ‘ರಿಫ್ಲೆಕ್ಸ್’ ಅಂತ. ಕಪ್ಪು ಬಟ್ಟೆಯವರು ಕಾರಿನ ಡಿಮ್ ಲೈಟಿಗೆ ಕಾಣೋದು 25-30 ಮೀಟರ್ ಹತ್ತಿರ ಬಂದ ಮೇಲೆ. ರಿಫ್ಲೆಕ್ಸ್ ಇದ್ದರೆ ಸುಮಾರು 140 ಮೀಟರ್ ದೂರದಿಂದಲೇ. ಕುತ್ತಿಗೆ ಹತ್ತಿರ ಕಟ್ಟಬೇಡ, ಡಿಮ್ ಬೆಳಕು ತಗ್ಗಿಗೆ ಬೀಳೋದು. ಮೊಣಕಾಲ ಮಟ್ಟಕ್ಕೆ ಎರಡೂ ಪಕ್ಕ ತೂಗಲಿ. ಜಾಕೆಟ್ ಬಣ್ಣವೂ ಹಳದಿಯೋ ಕೆಂಪೋ ಇರಲಿ. ಕಪ್ಪು ಚೆಂದ ಅನ್ನೋ ವಾದ ಇಲ್ಲಿ ನಡೆಯಲ್ಲ.

ಬೆಳಿಗ್ಗೆ ಹೊರಡುವ ಮುಂಚೆ ‘ಯೂರ್’ (Yr) ಆ್ಯಪ್ ನೋಡು, ಎರಡೇ ಇಂಗ್ಲಿಷ್ ಅಕ್ಷರದ ಹೆಸರು, ಅರ್ಥವೇ ಜಿನುಗು ಮಳೆ. ನಾರ್ವೆಯ ಹವಾಮಾನ ಸಂಸ್ಥೆ ಮತ್ತು ಅಲ್ಲಿನ ಆಕಾಶವಾಣಿಯಂಥ ಎನ್‌ಆರ್‌ಕೆ ಸೇರಿ ನಡೆಸೋದು. ಮೋಡದ ಚಿತ್ರ ನಂಬಬೇಡ, ಗಂಟೆಗೆಷ್ಟು ಮಿ.ಮೀ., ಗಾಳಿ ಎಷ್ಟು, ಅದನ್ನು ಓದು. ಫ್ಲೋಯೆನ್ ಬೆಟ್ಟಕ್ಕೆ ರೈಲು ಹತ್ತಿದರೆ 320 ಮೀಟರ್ ಮೇಲೆ ಎರಡು ಡಿಗ್ರಿ ಕಮ್ಮಿ. 643 ಮೀಟರ್‌ನ ಉಲ್ರಿಕೆನ್‌ನಲ್ಲಿ ನಾಲ್ಕು ಡಿಗ್ರಿ ಕಮ್ಮಿ, ಕೆಳಗೆ ಮಳೆಯಾದರೆ ಮೇಲೆ ಹಿಮ ಇರಬಹುದು. ಗಾಳಿ ಜೋರಿದ್ದರೆ ಅಲ್ಲಿನ ಕೇಬಲ್ ಕಾರ್ ನಿಲ್ಲಿಸುತ್ತಾರೆ.

ನಿನ್ನ ಗೆಳತಿ ತೆಗೆದ ಬಿಸಿಲಿನ ಫೋಟೋ ಮೇ ತಿಂಗಳದ್ದು. ಏಪ್ರಿಲ್‌ನಿಂದ ಜೂನ್ ಅಲ್ಲಿ ಮಳೆ ಕಮ್ಮಿ ಇರುವ ಕಾಲ. ಜೂನ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಬೆಳಕು. ಸೆಪ್ಟೆಂಬರ್‌ನಿಂದ ಜನವರಿ ಸುರಿಯುವ ಕಾಲ. ಕೆಲಸ ಡಿಸೆಂಬರ್‌ಗೆ ಎಳೆದರೆ ಶೂ ಅಡಿಗೆ ಹಾಕುವ ಮೊಳೆಪಟ್ಟಿ ಕೊಂಡುಕೊ, ‘ಬ್ರೊಡರ್’ ಅಂತ ಕೇಳು. ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಹಗಲು ಕರಗಿದ್ದು ರಾತ್ರಿ ಗಾಜಾಗುತ್ತೆ. ಅಂಗಡಿ ಒಳಗೆ ಹೋಗುವಾಗ ಬಿಚ್ಚು, ಟೈಲ್ಸ್ ಮೇಲೆ ಅದೇ ಜಾರಿಸುತ್ತೆ. ಇಂಥ ಚಿಲ್ಲರೆ ಸಾಮಾನು ಇಲ್ಲಿಂದ ಹೊರಬೇಡ. ಸ್ವೆಟರ್ ಕಮ್ಮಿ ಬಿದ್ದರೆ ಫ್ರೆಟೆಕ್ಸ್ ಅನ್ನೋ ಹಳೇ ಬಟ್ಟೆ ಅಂಗಡಿಯಲ್ಲಿ ಉಣ್ಣೆಯದು ಹುಡುಕು.

ಬೂಟು ಕಾಲಲ್ಲೇ ಹಾಕಿ ವಿಮಾನ ಹತ್ತು, ಮಳೆ ಜಾಕೆಟ್ ಮತ್ತು ಒಂದು ಜೊತೆ ಉಣ್ಣೆ ಕೈಬ್ಯಾಗಿನಲ್ಲಿರಲಿ. ಪೆಟ್ಟಿಗೆ ತಡವಾಗಿ ಬಂದರೂ ಮಳೆ ಕಾಯಲ್ಲ. ಫ್ಲೆಸ್‌ಲಾಂಡ್ ವಿಮಾನ ನಿಲ್ದಾಣದಿಂದ ಊರೊಳಗಿನ ಬೀಪಾರ್ಕೆನ್‌ಗೆ ಟ್ರಾಮ್ ಇದೆ, ಮುಕ್ಕಾಲು ಗಂಟೆ. ಎರಡು ಕಡ್ಡಿಯ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಕೂರುತ್ತೆ, ಲ್ಯಾಪ್‌ಟಾಪಿನ ಮೂರು ಕಡ್ಡಿಗೆ ಅಡಾಪ್ಟರ್ ಬೇಕು. ರೂಮಿನೊಳಗೆ ಹೀಟರ್ ಗಾಳಿಗೆ ತುಟಿ, ಕೈ ಒಡೆಯುತ್ತೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತಲ್ಲ, ಸಣ್ಣ ಬಾಯಿಯ ಬಾಟಲಿಯಲ್ಲಿ ಕೊಟ್ಟರೆ ನೀನು ಅದನ್ನು ಅಲ್ಲಾಡಿಸುತ್ತಾ ಕೂರಬೇಕು. ಅಗಲ ಬಾಯಿಯ ಡಬ್ಬಿಗೆ ಹಾಕಿಡುತ್ತೇನೆ.

ಶನಿವಾರ ಚಟ್ನಿಪುಡಿ ಕುಟ್ಟಿಸುತ್ತೇನೆ, ಅರ್ಧ ಕಿಲೋ ಸಾಕಲ್ಲ? ತುಪ್ಪ ಮಾತ್ರ ಕೇಳಬೇಡ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರೋದಕ್ಕೆ ಅಲ್ಲಿ ಬಿಡಲ್ಲ. ಮಜ್ಜಿಗೆ ಮೆಣಸೂ ಆ ಲೆಕ್ಕಕ್ಕೇ ಬರುತ್ತೆ ಅಂತ ಡಬ್ಬಿಯಿಂದ ತೆಗೆದಿಟ್ಟಿದ್ದೇನೆ. ಜೀನ್ಸ್ ತೆಗೆದು ತೂಕ ಎಷ್ಟು ಉಳೀತು ಅಂತ ಫೋನ್ ಮಾಡು.

ಅಮ್ಮ