ನರ್ಸಿಂಗ್ ಮಕ್ಕಳಿಗೆ ನಮ್ಮ ಕಡೆ ಜ್ವರಾನೂ ಕಲಿಸಿ

ಮಾನ್ಯ ಸಂಪಾದಕರೇ,

ಮಗಳು ನರ್ಸಿಂಗ್ ಫಸ್ಟ್ ಇಯರ್, ಅವಳ ನೋಟ್ಸ್ ನೋಡ್ದೆ, ಅಕ್ಯೂಟ್ ಅಂದ್ರೆ ದಿಢೀರ್ ಬರೋದು, ಕ್ರಾನಿಕ್ ಅಂದ್ರೆ ಬಹಳ ಕಾಲ ಇರೋದು, ರೋಗಿ ಹೇಳಿದ್ದು ಸಿಂಪ್ಟಮ್, ನಾವು ಕಂಡಿದ್ದು ಸೈನ್ ಅಂತ ಎಲ್ಲಾ ಬಾಯಿಪಾಠ, ಬಿಪಿ ಶುಗರ್ ಅಸ್ತಮಾನೂ ಸರಿಯಾಗೇ ಇದೆ. ಮಂಗನ ಕಾಯಿಲೆಗೆ ಮಾತ್ರ ಒಂದೇ ಸಾಲು! 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ರೋಗ ಇದು, ನಮ್ಮ ಸಿದ್ದಾಪುರದ ಕಡೆಯವ್ರಿಗೆ ಹೊಸದಲ್ಲ. ಪರೀಕ್ಷೆಗೆ ಬರಲ್ಲ ಅಂತ ಬಿಟ್ಟಿದಾರಂತೆ, ವಾರ್ಡಿಗೆ ಬರ್ತದಲ್ಲ ಸ್ವಾಮಿ. ಉಣುಗು, ಅಂದ್ರೆ ರಕ್ತ ಹೀರೋ ಉಣ್ಣೆ ಹುಳ, ಕಚ್ಚಿ 3ರಿಂದ 8 ದಿನಕ್ಕೆ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ, ಇನ್ನು ಕೆಲವರಿಗೆ ಕಮ್ಮಿ ಆಯ್ತು ಅಂದ್ಕೊಂಡ ಮೇಲೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ಬಂದು ನಡುಕ, ಮಂಪರು. ಮಳೆಗಾಲದಲ್ಲಿ ಗದ್ದೆಗಿಳಿದವ್ರಿಗೆ ಇಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು. ಅದು ಬ್ಯಾಕ್ಟೀರಿಯಾ, ಬೇಗ ಹಿಡಿದ್ರೆ ಆಂಟಿಬಯೋಟಿಕ್ ಕೆಲಸ ಮಾಡ್ತದೆ, ಮಂಗನ ಕಾಯಿಲೆ ವೈರಸ್, ಅದಕ್ಕೆ ಮಾಡೋದಿಲ್ಲ. ಜ್ವರ ಅಂತ ಬಂದವ್ರನ್ನ ಎಷ್ಟು ಡಿಗ್ರಿ ಅಂತ ನೋಡೋದ್ರ ಜೊತೆ ಸೊಪ್ಪು ತರೋ ಕಾಡಿಗೆ, ಅಂದ್ರೆ ಸೊಪ್ಪಿನ ಬೆಟ್ಟಕ್ಕೆ ಹೋಗಿದ್ರಾ, ದರಕು (ಒಣಗಿದ ಎಲೆ) ಗುಡಿಸಿದ್ರಾ, ಗದ್ದೆ ಕೆಲಸ ಇತ್ತಾ ಅಂತ ಕೇಳೋದನ್ನ ಮೊದಲ ವರ್ಷವೇ ಕಲಿಸ್ಬೇಕು. ಡಿಸೆಂಬರ್ ಒಳಗೆ ಶುರು ಮಾಡಿದ್ರೆ ಒಳ್ಳೇದು, ಉಣುಗಿನ ಸೀಸನ್ ಅಲ್ಲಿಂದಲೇ.

ಒಬ್ಬ ಓದುಗ, ಶಿರಸಿ