ಮರಳೇನೋ ಗಟ್ಟಿಯಾಗುತ್ತದೆ, ಅಮೋನಿಯಾ ಎಲ್ಲಿಗೆ ಹೋಗುತ್ತದೆ?

ಮಾನ್ಯರೇ,

ಸಡಿಲ ಮರಳನ್ನು ಬ್ಯಾಕ್ಟೀರಿಯಾದಿಂದ ಗಟ್ಟಿಮಾಡುವ ವಿಧಾನವನ್ನು ‘ಮಾಲಿನ್ಯವೇ ಇಲ್ಲದ ಸಿಮೆಂಟ್’ ಎಂದು ಹೊಗಳುವುದು ಹೆಚ್ಚುತ್ತಿದೆ. ವಿಧಾನವೇನೋ ನಿಜ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ 2020ರಲ್ಲಿ ಸ್ಪೋರೋಸಾರ್ಸಿನಾ ಪಾಶ್ಚುರಿ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಬಳಸಿ ಚಂದ್ರನ ಮಣ್ಣಿನ ಮಾದರಿಯಿಂದ ಇಟ್ಟಿಗೆ ಮಾಡಿ ತೋರಿಸಿದವು. ಆದರೆ ಮಾಲಿನ್ಯ ಇಲ್ಲವೆಂಬ ಮಾತು ತಪ್ಪು.

ಬ್ಯಾಕ್ಟೀರಿಯಾದ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದಾಗ ಕಾರ್ಬೊನೇಟ್ ಹಾಗೂ ಅಮೋನಿಯಂ (ನೀರಿನಲ್ಲಿ ಅಮೋನಿಯಾ ಹೆಚ್ಚಾಗಿ ಇರುವ ರೂಪ) ಹುಟ್ಟುತ್ತವೆ. ಕಾರ್ಬೊನೇಟ್ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ (ಕ್ಯಾಲ್ಸಿಯಂ ಕಾರ್ಬೊನೇಟ್) ಹರಳಾಗುತ್ತದೆ. ಕಣಕ್ಕೆ ಕಣ ತಾಗುವ ಕಡೆ ಕೂತು ಮರಳನ್ನು ಬೆಸೆಯುತ್ತದೆ. ಒಂದು ಘನ ಮೀಟರ್ ಮರಳು ಸುಮಾರು 1,600 ಕೆ.ಜಿ. ತೂಗುತ್ತದೆ. ಅದರಲ್ಲಿ ಶೇ 5ರಷ್ಟು, ಅಂದರೆ 80 ಕೆ.ಜಿ. ಸುಣ್ಣ ಕೂರಿಸಲು ಕನಿಷ್ಠ 48 ಕೆ.ಜಿ. ಯೂರಿಯಾ, 89 ಕೆ.ಜಿ. ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ನೀರಿನಲ್ಲಿ ಉಳಿಯುವ ಅಮೋನಿಯಂ ಕ್ಲೋರೈಡ್ ಸುಮಾರು 86 ಕೆ.ಜಿ.! ಸಿಮೆಂಟಿಗಿಂತ ಕಸವೇ ಹೆಚ್ಚು. ಕುಡಿಯುವ ನೀರಿನಲ್ಲಿ ಅಮೋನಿಯಾದ ಮಿತಿ ಲೀಟರಿಗೆ 0.5 ಮಿ.ಗ್ರಾಂ. ನಮ್ಮ ಕಡಲತಡಿಯ ಬಾವಿಗಳಿಗೆ ನೀರು ಬರುವುದು ಅದೇ ಮರಳಿನಿಂದ.

ಕೆಲಸ ಕೆಡುವುದು ಹೆಚ್ಚಾಗಿ ಆತುರದಿಂದ. ಬ್ಯಾಕ್ಟೀರಿಯಾ ಮತ್ತು ಯೂರಿಯಾ–ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವನ್ನು ಹಾಗೇ ಬೆರೆಸಿ ಬಿಟ್ಟರೆ ಪೈಪಿನ ಬಾಯಲ್ಲೇ ಸುಣ್ಣ ಕಟ್ಟಿ, ಆಚೆಯ ಮರಳು ಸಡಿಲವಾಗಿಯೇ ಉಳಿಯುತ್ತದೆ. ಮೊದಲು ಬ್ಯಾಕ್ಟೀರಿಯಾ ಬಿಡಬೇಕು, ಅದು ಕಣಗಳಿಗೆ ಅಂಟಲು ಕೆಲ ಗಂಟೆ ಕೊಡಬೇಕು, ಬಳಿಕ ದ್ರಾವಣವನ್ನು ನಿಧಾನವಾಗಿ ಹಲವು ಸುತ್ತು ಹರಿಸಬೇಕು. ಲೀಟರಿಗೆ 30 ಗ್ರಾಂ ಯೂರಿಯಾಕ್ಕೆ 55 ಗ್ರಾಂ ನೀರಿಲ್ಲದ ಕ್ಯಾಲ್ಸಿಯಂ ಕ್ಲೋರೈಡ್ ಸರಿ. ಡೈಹೈಡ್ರೇಟ್ (ಹರಳಿನಲ್ಲೇ ನೀರು ಸೇರಿರುವುದು) ಆದರೆ 73 ಗ್ರಾಂ. ಡಬ್ಬಿಯ ಲೇಬಲ್ ನೋಡದೆ ತೂಗಿದರೆ ಲೆಕ್ಕವೇ ತಪ್ಪುತ್ತದೆ. ಸಬ್ಸಿಡಿಯ ಬೇವು ಲೇಪಿತ ಯೂರಿಯಾವನ್ನು ಇದಕ್ಕೆ ಬಳಸುವಂತಿಲ್ಲ, ಅದು ಬೇಸಾಯಕ್ಕೆ ಮೀಸಲು.

ಎಷ್ಟು ಸುಣ್ಣ ಕೂತಿದೆ ಎಂದು ತಿಳಿಯಲು ಒಣಗಿಸಿದ ಮಾದರಿಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಇಳಿದ ತೂಕ ನೋಡುತ್ತಾರೆ. ಕಡಲ ಮರಳಿನಲ್ಲಿ ಚಿಪ್ಪಿನ ಚೂರುಗಳಿರುತ್ತವೆ, ಅವೂ ಕರಗುತ್ತವೆ. ಹಾಗಾಗಿ ಗಟ್ಟಿಮಾಡದ ಮರಳನ್ನೂ ಅದೇ ರೀತಿ ತೊಳೆದು ತೂಗಿ, ಆ ಇಳಿಕೆಯನ್ನು ಕಳೆಯದಿದ್ದರೆ ಫಲಿತಾಂಶ ಹುಸಿ.

ಕರಾವಳಿಯಲ್ಲಿ ಇದನ್ನು ಪ್ರಯೋಗಿಸುವುದಾದರೆ ಮೊದಲು ತಳ ಮುಚ್ಚಿದ ತೊಟ್ಟಿಯಲ್ಲಿ ಮಾಡಲಿ. ಮರಳನ್ನು ತೊಳೆದ ನೀರು ಹೊರಹೋಗದಂತೆ ಪಂಪಿನಿಂದ ಎತ್ತಿ ಸಂಸ್ಕರಿಸುವ ಖರ್ಚು ಅಂದಾಜುಪಟ್ಟಿಯಲ್ಲೇ ಇರಲಿ. ಸುತ್ತಲಿನ ಬಾವಿಗಳ ಅಮೋನಿಯಾ ಪರೀಕ್ಷೆ ಕೆಲಸಕ್ಕೆ ಮೊದಲೂ ಆಮೇಲೂ ನಡೆಯಲಿ, ವರದಿ ಪಂಚಾಯಿತಿ ಫಲಕದಲ್ಲಿ ಕಾಣಲಿ.

– ಕೆಲವು ಮಣ್ಣು ತಂತ್ರಜ್ಞರು, ಮಂಗಳೂರು